ಮಡಿ, ಬಿಡಿಸು

"ಕೈ ಆಡಿಸಿ" ಎಂದು ಹೇಳುವುದೇ ನನ್ನ ಉದ್ಯೋಗವಾಗಿತ್ತು. ಚೆನ್ನೈನ ಒಂದು ದೊಡ್ಡ ಆಸ್ಪತ್ರೆಯ ಕೈ ವಿಭಾಗಕ್ಕೆ ಫಿಸಿಯೋಥೆರಪಿಸ್ಟ್ ಆಗಿ ಸೇರಿದ ದಿನದಿಂದ, ನಿವೃತ್ತಿಯ ಸಂಜೆ ಕುತ್ತಿಗೆಗೆ ಮಲ್ಲಿಗೆ ಹಾರ ಬೀಳುವವರೆಗೆ ನಾನು ಹೇಳಿದ್ದು ಇದೊಂದೇ ಮಾತು. ತಮಿಳಿನಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ, ಹಿಂದಿಯಲ್ಲಿ ತಪ್ಪುತಪ್ಪಾಗಿ ಹೇಳಿದೆ, ಅಪರೂಪಕ್ಕೆ ಕನ್ನಡದವರು ಸಿಕ್ಕರೆ ಬಾಯಿತುಂಬ ಕನ್ನಡದಲ್ಲಿ ಹೇಳಿದೆ. ಎಷ್ಟು ಜನ ಕೇಳಿದರು ಎಂದು ಮಾತ್ರ ಕೇಳಬೇಡಿ. ಹಾರ ಹಾಕಿದ ಹುಡುಗಿಯರು, "ಮೇಡಂ, ಹೊಸಬರಿಗೆ ಉಪಯೋಗ ಆಗೋ ಹಾಗೆ ಏನಾದ್ರೂ ಬರೀರಿ" ಅಂದರು. ಪುಸ್ತಕದಲ್ಲಿ ಇರುವುದನ್ನು ಮತ್ತೆ ಬರೆಯಲು ನನಗೆ ತಾಳ್ಮೆಯಿಲ್ಲ. ಪುಸ್ತಕದಲ್ಲಿ ಇಲ್ಲದ್ದು ರೋಗಿಯ ಹಟ. ಅದರ ಬಗ್ಗೆ ಬೇಕಾದರೆ ಬರೆಯುತ್ತೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಬೆರಳನ್ನು ಮಡಚುವ ಶಕ್ತಿ ಬೆರಳಿನಲ್ಲಿಲ್ಲ, ಮುಂಗೈಯ ಮಾಂಸಖಂಡದಲ್ಲಿದೆ. ಅಲ್ಲಿಂದ ಬೆರಳ ತುದಿಯವರೆಗೆ ಒಂದು ಬಿಳಿ ಹುರಿ ಹೋಗುತ್ತದೆ. ಪುಸ್ತಕದವರು ಅದನ್ನು ಸ್ನಾಯುರಜ್ಜು ಅನ್ನುತ್ತಾರೆ, ಜನ ನರ ಅನ್ನುತ್ತಾರೆ, ನಾನು ಲಾಡಿ ಅನ್ನುತ್ತಿದ್ದೆ. ಲಂಗದ ಪಟ್ಟಿಯೊಳಗೆ ಲಾಡಿ ಹೇಗೆ ಜಾರುತ್ತದೋ ಹಾಗೇ ಈ ಹುರಿ ಬೆರಳೊಳಗಿನ ಒಂದು ಕೊಳವೆಯಲ್ಲಿ ಜಾರಬೇಕು. ಗಾಜು ಹೊಕ್ಕು, ಕತ್ತಿ ತಾಗಿ ಅದು ಕತ್ತರಿಸಿದರೆ ಡಾಕ್ಟರು ಹೊಲಿಯುತ್ತಾರೆ. ಹೊಲಿದದ್ದನ್ನು ಅಲ್ಲಾಡಿಸದೆ ಬಿಟ್ಟರೆ ಗಾಯ ಮಾಯುವಾಗ ಲಾಡಿ ಪಟ್ಟಿಗೇ ಅಂಟಿಕೊಂಡು ಬೆರಳು ಕಡ್ಡಿಯಾಗುತ್ತದೆ. ಜೋರಾಗಿ ಎಳೆದರೆ ಹೊಲಿಗೆ ಬಿಡುತ್ತದೆ. ಅತ್ತ ದರಿ, ಇತ್ತ ಪುಲಿ. ನಡುವಿನ ದಾರಿ ಒಂದೇ: ಏನನ್ನೂ ಎತ್ತದೆ, ಏನನ್ನೂ ಬಿಗಿಯಾಗಿ ಹಿಡಿಯದೆ, ಬರಿಗೈಯನ್ನು ಹಗುರವಾಗಿ ಮಡಚುವುದು, ಬಿಡಿಸುವುದು. ಮಗುವಿಗೂ ಅರ್ಥವಾಗುವ ಮಾತು ಎಂದು ನೀವು ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡೇ ಕೆಲಸಕ್ಕೆ ಸೇರಿದ್ದು.

ನಾನು ಸೇರಿದಾಗ ಕೈಗೆ ಪ್ಲಾಸ್ಟರ್ ಹಾಕಿ ವಾರಗಟ್ಟಲೆ ಸುಮ್ಮನೆ ಇಡಿಸುತ್ತಿದ್ದರು. ಬಿಚ್ಚಿದಾಗ ಕೈ ಒಣಗಿದ ಸೌದೆ. ಆಮೇಲೆ ರಬ್ಬರ್ ಬ್ಯಾಂಡಿನ ಕಾಲ ಬಂತು. ಉಗುರಿಗೆ ಒಂದು ಕೊಕ್ಕೆ ಅಂಟಿಸಿ, ಅದರಿಂದ ಮಣಿಕಟ್ಟಿಗೆ ಬ್ಯಾಂಡ್ ಎಳೆದು ಕಟ್ಟುವುದು. ರೋಗಿ ಬೆರಳು ಬಿಡಿಸಬೇಕು, ಬ್ಯಾಂಡು ತಾನೇ ಮಡಚುತ್ತದೆ. ಉಗುರಿನ ಕೊಕ್ಕೆ ಕಿತ್ತುಬಂದು ಅದನ್ನು ಅಂಟಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು. ಈಗ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಕೈಯ ಹಿಂಬದಿಗೆ ಒತ್ತಿ ಒಂದು ಪಟ್ಟಿ ಮಾಡುತ್ತೇವೆ. ಬೆರಳು ಹಿಂದಕ್ಕೆ ಅತಿಯಾಗಿ ಚಾಚದಂತೆ ಅದು ತಡೆಯುತ್ತದೆ. ಮುಂದಕ್ಕೆ ರೋಗಿಯೇ ಮಡಚಬೇಕು. ವಿಧಾನ ಸುಧಾರಿಸಿದಷ್ಟೂ ಕೆಲಸ ರೋಗಿಯ ಕೈಗೆ ಬಂತು. ರೋಗಿಗೋ ಕೈ ಎಂದರೆ ಭಯ.

ಈ ಭಯವನ್ನು ಬಿತ್ತುವವರು ಹೊರಗಿನವರಲ್ಲ. ನಮ್ಮ ದೊಡ್ಡ ಡಾಕ್ಟರು ಚಿನ್ನದಂಥ ಮನುಷ್ಯ, ಕೂದಲೆಳೆಯಂಥ ದಾರದಲ್ಲಿ ಹೊಲಿಯುತ್ತಿದ್ದರು. ಆದರೆ ಡಿಸ್ಚಾರ್ಜ್ ಮಾಡುವಾಗ ಪ್ರತಿಯೊಬ್ಬ ರೋಗಿಯ ಹೆಗಲು ತಟ್ಟಿ, "ಕೈ ಪತ್ತಿರಂ" ಅನ್ನುತ್ತಿದ್ದರು. ಕೈ ಜೋಪಾನ ಎಂದರ್ಥ. ಮುಗಿಯಿತು. ಆಮೇಲೆ ನಾನು ಗಂಟಲು ಹರಿದುಕೊಂಡರೂ ಬೋರ್ಗಲ್ಲ ಮೇಲೆ ಮಳೆ ಸುರಿದಂತೆ. ನಾನೊಮ್ಮೆ, "ಸರ್, ಆಡಿಸೋದು ಬೇರೆ, ದುಡಿಸೋದು ಬೇರೆ. ಎರಡು ಮಾತು ಬಿಡಿಸಿ ಹೇಳಿ" ಎಂದೆ. ಅವರು ನಕ್ಕು, "ಅದೆಲ್ಲಾಂ ನೀಂಗ ಸೊಲ್ಲುಂಗೋ", ಅದನ್ನೆಲ್ಲ ನೀವೇ ಹೇಳಿ, ಅಂದು ಹೊರಟುಹೋದರು. ದೊಡ್ಡವರ ಒಂದು ಮಾತಿನ ಮುಂದೆ ನಮ್ಮ ನೂರು ಮಾತು ಎಲ್ಲಿ ನಿಂತೀತು!

ತಾಂಬರಂನಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಬರುತ್ತಿದ್ದ ಗುಮಾಸ್ತರೊಬ್ಬರಿದ್ದರು. ನನ್ನ ಮನೆಯೂ ತಾಂಬರಂನಲ್ಲೇ, ರೈಲ್ವೆಯಲ್ಲಿದ್ದ ಅಪ್ಪ ಅರಸೀಕೆರೆಯಿಂದ ಬಂದು ನೆಲೆಸಿದ್ದು. ಹಾಗಾಗಿ ಅದೇ ರೈಲಿನಲ್ಲಿ ಅವರನ್ನು ದಿನಾ ನೋಡುತ್ತಿದ್ದೆ. ನಾನು ಬೇಡವೆಂದಿದ್ದ ಜೋಳಿಗೆಯಲ್ಲಿ ಕೈಯನ್ನು ಹಸುಗೂಸಿನ ಹಾಗೆ ಎದೆಗೆ ಕಟ್ಟಿಕೊಂಡು ಕೂತಿರುತ್ತಿದ್ದರು. ಯಾಕೆ ತೆಗೆಯುವುದಿಲ್ಲ ಎಂದು ಒಂದು ದಿನ ಗದರಿದೆ. "ಕಳಟ್ಟಿಟ್ಟಾ ಯಾರು ಮೇಡಂ ಸೀಟ್ ಕುಡುಪ್ಪಾಂಗೋ?" ಅಂದರು. ಬಿಚ್ಚಿಬಿಟ್ಟರೆ ಯಾರು ಸೀಟು ಕೊಡುತ್ತಾರಂತೆ! ಸೀಟು ಸಿಕ್ಕಿತು, ಬೆರಳು ಹೋಯಿತು. ಇಂಥವರ ಮುಂದೆ ಹಣೆ ಚಚ್ಚಿಕೊಳ್ಳುವುದು ಬಿಟ್ಟು ಇನ್ನೇನು ಮಾಡುತ್ತೀರಿ?

ಹಾಗೆಂದು ಭಯವೆಲ್ಲ ಸುಳ್ಳಲ್ಲ. ಇದ್ದಕ್ಕಿದ್ದಂತೆ ಧೈರ್ಯ ಬಂದವನೊಬ್ಬ ಬೆಸೆಂಟ್ ನಗರದ ಬೀಚಿನಲ್ಲಿ ಪಟ್ಟಿ ಕಳಚಿ, ಮರಳಿನಲ್ಲಿ ಹೂತಿದ್ದ ಗೆಳೆಯನ ಬೈಕನ್ನು ಎಳೆಯಲು ಕೈ ಹಾಕಿದ. ಹೊಲಿಗೆ ಬಿಟ್ಟಿತು. ಮತ್ತೆ ಆಪರೇಷನ್, ಮತ್ತೆ ಮೊದಲಿನಿಂದ ಎಲ್ಲ. ಅವನ ಕಥೆ ವಾರ್ಡಿನಲ್ಲಿ ಹಬ್ಬಿ, ಒಂದಿಷ್ಟು ದಿನ ಯಾರೂ ಬೆರಳಿರಲಿ, ರೆಪ್ಪೆಯನ್ನೂ ಆಡಿಸಲಿಲ್ಲ.

ಇನ್ನು ಸತ್ಯಭಾಮಾ ಬಾಯಿಯವರ ವಿಷಯ. ಇಷ್ಟು ಹೊತ್ತು ಬರೆದದ್ದು ಅವರ ಬಳಿಗೆ ಬರುವುದಕ್ಕೇ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲಿನ ಮಳೆಗಾಲ. ಎಪ್ಪತ್ತು ದಾಟಿದ ವಿಧವೆ, ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದ ಮಾಧ್ವರ ಮನೆಯವರು. ಈಗ ವೇಲಚೇರಿಯ ಫ್ಲ್ಯಾಟಿನಲ್ಲಿ ಮಗ ಶ್ರೀಧರ, ಸೊಸೆ ಮಾಲತಿಯ ಜೊತೆ ಇದ್ದರು. ಕುಂಬಳಕಾಯಿ ಹೆಚ್ಚುವಾಗ ಈಳಿಗೆಮಣೆ ಮಗುಚಿತು. ಬೀಳುವುದನ್ನು ಹಿಡಿಯಲು ಹೋಗಿ ಅಲಗನ್ನೇ ಹಿಡಿದರು. ಬಲಗೈಯ ನಡುಬೆರಳು, ಉಂಗುರಬೆರಳು ಎರಡರ ಲಾಡಿಯೂ ತುಂಡಾಗಿತ್ತು. ದೊಡ್ಡ ಡಾಕ್ಟರು ಚೆನ್ನಾಗಿಯೇ ಹೊಲಿದಿದ್ದರು, "ಕೈ ಪತ್ತಿರಂ" ಎಂದು ಹೆಗಲನ್ನೂ ತಟ್ಟಿದ್ದರು.

ಆ ಕೈ ಹೋದರೆ ಅವರಿಗೆ ಏನು ಹೋಗುತ್ತದೆಂದು ಮಾಲತಿ ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅತ್ತೆ ಮಡಿಯವರು. ತಮ್ಮ ಅಡುಗೆ ತಾವೇ ಮಾಡಿಕೊಳ್ಳುವವರು. ಚಮಚ ಬಾಯಿಗಿಟ್ಟವರಲ್ಲ. ಎಡಗೈಯಲ್ಲಿ ಉಣ್ಣುವುದಂತೂ ದೂರದ ಮಾತು, ಇನ್ನೊಬ್ಬರ ಕೈಯಿಂದ ತಿನ್ನಿಸಿಕೊಳ್ಳಲು ಬಾಯಿಯನ್ನೇ ತೆರೆಯುವುದಿಲ್ಲ. ಗಾಯವಾದಂದಿನಿಂದ ಎಡಗೈಯಲ್ಲಿ ಲೋಟ ಎತ್ತಿ ಸುರಿದುಕೊಳ್ಳುವ ಗಂಜಿ, ಮಜ್ಜಿಗೆ ಅಷ್ಟೇ. "ಒಂದು ತುತ್ತು ಅನ್ನ ಕಲಸ್ಕೊಂಡು ತಿನ್ನೋ ಹಾಗಾದ್ರೆ ಸಾಕು ಮೇಡಂ. ಇಲ್ಲಾಂದ್ರೆ ಇವ್ರು ಹೀಗೇ ಕರಗಿಹೋಗ್ತಾರೆ" ಎಂದು ಕಣ್ಣು ಒರೆಸಿಕೊಂಡಳು.

ಮಡಿಯ ವಿಷಯದಲ್ಲಿ ನನಗೆ ಗೌರವವೂ ಇಲ್ಲ, ಗೊತ್ತೂ ಇಲ್ಲ. ನಮ್ಮದು ಮೀನಿನ ಸಾರಿನ ಮನೆ. ಆದರೆ ಆ ಅಮ್ಮ ಆಸ್ಪತ್ರೆಯಲ್ಲಿ ಏನೂ ತಕರಾರು ಮಾಡಲಿಲ್ಲ. "ಆಪತ್ತಿಗೆ ಮಡಿ ಇಲ್ಲಮ್ಮಾ, ಮುಟ್ಟು" ಎಂದು ಕೈ ಕೊಟ್ಟರು. ಪಟ್ಟಿ ಮಾಡಿದೆ, ನಾನೇ ಬೆರಳು ಮಡಚಿ ತೋರಿಸಿದೆ, ಅವರು ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ತಲೆಯಾಡಿಸಿದರು. ಹೊರಗೆ ಜನ ಕಾಯುತ್ತಿದ್ದರು. ಬಹಳ ದಿನಕ್ಕೆ ಕನ್ನಡದ ಮನೆ ಸಿಕ್ಕಿದ ಹುರುಪು ಬೇರೆ. ಶ್ರೀಧರನನ್ನು ಕರೆದು ಕನ್ನಡದಲ್ಲೇ ಹೇಳಿದೆ: "ಗಂಟೆಗೊಂದು ಸಲ ಅಮ್ಮನಿಗೆ ನೆನಪು ಮಾಡಿ. ಜಾಸ್ತಿ ಏನೂ ಬೇಡ. ಮಡಿ, ಬಿಡಿಸು, ಮಡಿ, ಬಿಡಿಸು. ಅಷ್ಟು ಹೇಳಿದ್ರೆ ಸಾಕು."

ಶ್ರೀಧರ ಇನ್ಶೂರೆನ್ಸ್ ಆಫೀಸಿನವನು, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. "ಸರಿ ಮೇಡಂ, ಸೊಲ್ಲಿಡರೇನ್", ಹೇಳಿಬಿಡುತ್ತೇನೆ, ಎಂದು ಹೋದ.

ಮುಂದಿನ ವಾರ ಅವರು ಬರಲಿಲ್ಲ. ಫೋನ್ ಮಾಡಿದರೆ ವೇಲಚೇರಿಯಲ್ಲಿ ನೀರು ನಿಂತಿದೆ ಅಂದ. ಅದು ನಿಜವೇ, ಒಂದು ಮಳೆಗೆ ಅಲ್ಲಿ ದೋಣಿ ಬಿಡಬಹುದು. ಅದರ ಮುಂದಿನ ವಾರ ಏಕಾದಶಿ ಅಂದ. ಆಮೇಲೆ ಗುಟ್ಟು ಬಿಟ್ಟ: "ಅಮ್ಮಾ ವರಮಾಟೇಂಗರಾಂಗೋ ಮೇಡಂ. ಉಂಗ ಮೇಲೆ ಕೋಪಂ." ಅಮ್ಮ ಬರುವುದಿಲ್ಲ ಅನ್ನುತ್ತಾರೆ, ನಿಮ್ಮ ಮೇಲೆ ಕೋಪ. ನನ್ನ ಮೇಲೆ ಯಾಕಪ್ಪಾ ಕೋಪ? ನಾನೇನು ಅವರ ಈಳಿಗೆಮಣೆ ಮಗುಚಿದೆನೇ? ನನಗೂ ರೇಗಿತು. ಭಾನುವಾರ ಬಸ್ಸು ಹಿಡಿದು ಅವರ ಮನೆಗೇ ಹೋದೆ.

ಬಾಲ್ಕನಿಯ ಕೋಲಿನ ಮೇಲೆ ಮಡಿಸೀರೆ ಒಣಗುತ್ತಿತ್ತು. ಸತ್ಯಭಾಮಾ ಬಾಯಿ ಸ್ನಾನ ಮುಗಿಸಿ ಮಣೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಇನ್ನೊಂದು ಮಣೆ, ಅದರ ಮೇಲೆ ಮಡಿವಸ್ತ್ರ, ಅದರ ಮೇಲೆ ಬಲಗೈ, ಸಾಲಿಗ್ರಾಮ ಇಟ್ಟಷ್ಟು ಜೋಪಾನವಾಗಿ. ಬೆರಳೆರಡೂ ಊದಿ, ಹೊಳೆಯುತ್ತ, ಸೆಟೆದು ನಿಂತಿದ್ದವು. ಲಾಡಿ ಅಂಟಿಕೊಳ್ಳಲು ಶುರುವಾಗಿತ್ತು.

"ಅಮ್ಮಾ, ಏನಿದು? ಗಂಟೆಗೊಂದ್ಸಲ ಮಾಡಿ ಅಂದಿದ್ನಲ್ಲ?" ಎಂದೆ.

"ದೂರ ಕೂತ್ಕೋಮ್ಮಾ, ಮಡೀಲಿದೀನಿ" ಅಂದರು. "ನೀನು ದೊಡ್ಡ ಓದು ಓದಿದವಳು ಇರಬಹುದು. ಕೈ ಸರಿಮಾಡೋದು ನಿನ್ನ ಕೆಲಸ. ನನ್ನ ಮಡಿ ಬಿಡಿಸೋಕೆ ನೀನ್ಯಾರು?"

"ನಾನೆಲ್ಲಿ ನಿಮ್ಮ ಮಡಿ ಬಿಡಿಸಿದೆ?" ಎಂದೆ.

"ಇವನ್ನ ಕೇಳು. ಗಂಟೆಗೊಂದ್ಸಲ ಬಂದು ನಿಂತ್ಕೊಂಡು, 'ಅಮ್ಮಾ, ಡಾಕ್ಟರಮ್ಮಾ ಮಡಿ ಬಿಡಿಸು ಅಂತ ಸೊಲ್ಲ ಸೊನ್ನಾಂಗೋ' ಅಂತಾನೆ. ನೀನೇ ಹಾಗೆ ಹೇಳೋಕೆ ಹೇಳಿದೀಯಂತೆ. ಗಂಡ ಹೋದಾಗಿನಿಂದ ಹಿಡಿದ ಮಡಿ. ಎರಡು ಬೆರಳಿಗೋಸ್ಕರ ಬಿಡಲೇನು?"

ಶ್ರೀಧರನ ಮುಖ ನೋಡಿದೆ. ಪಾಪ, ಮದ್ರಾಸಿನ ಶಾಲೆಯಲ್ಲಿ ಓದಿದವನು, ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ತಮಿಳು. ಬೆರಳು ಮಡಚುವುದಕ್ಕೆ ಅವನಿಗೆ ಗೊತ್ತಿದ್ದದ್ದು ತಮಿಳಿನ 'ಮಡಕ್ಕು'. ಮಡಿ ಎಂದರೆ ಬಾಲ್ಕನಿಯ ಕೋಲಿನ ಮೇಲಿನ ಸೀರೆ, ಮುಟ್ಟಿದರೆ ಅಮ್ಮ ಬೈಯುವ ಸೀರೆ. ನಾನು 'ಮಡಿ' ಎಂದು ನಿಲ್ಲಿಸಿ 'ಬಿಡಿಸು' ಅಂದಿದ್ದೆ. ಅವನು ನಡುವಿನ ನಿಲುಗಡೆಯನ್ನು ವೇಲಚೇರಿಯ ದಾರಿಯಲ್ಲೆಲ್ಲೋ ಬೀಳಿಸಿ, ಎರಡನ್ನೂ ಒಂದೇ ಉಸಿರಿನಲ್ಲಿ ಅಮ್ಮನಿಗೆ ಒಪ್ಪಿಸಿದ್ದ. ದಿನಕ್ಕೆ ಹತ್ತಾರು ಸಲ!

ಮಾಲತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ನನಗೆ ನಗು ಬರಲಿಲ್ಲ. ನಾನು ಕೈ ಎತ್ತಿ, ಬೆರಳು ಮಡಚಿ, ಬಿಡಿಸಿ, "ಇದು ಮಡಿ. ಇದು ಬಿಡಿಸು. ನಿಮ್ಮ ಸೀರೆಗೂ ನನಗೂ ಸಂಬಂಧವಿಲ್ಲ" ಎಂದು ಕೂಗಿಯೇ ಹೇಳಿದೆ.

ಅವರು ನನ್ನ ಕೈಯನ್ನೇ ನೋಡಿದರು. "ಓ, ಹಾಗೋ" ಅಂದರು. ಸಿಟ್ಟು ಇಳಿಯಿತು. "ಮಾಲತಿ, ಇವಳಿಗೆ ಕಾಫಿ ಕೊಡು" ಅಂದರು. ಕೈ ಮಾತ್ರ ಮಣೆಯ ಮೇಲಿಂದ ಕದಲಲಿಲ್ಲ.

ಹೊಸಬರೇ, ಇದನ್ನು ಗಮನಿಸಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಸರಿ ಮಾಡಿಕೊಟ್ಟೆ, ಆದರೂ ಕುಣಿಯಲಿಲ್ಲ. ನೆಪ ಹೋಗಿತ್ತು, ಭಯ ಕೂತಲ್ಲೇ ಕೂತಿತ್ತು. "ಈಗ ಮಾಡಿ ನೋಡೋಣ" ಅಂದೆ. "ನಾಳೆಯಿಂದ" ಅಂದರು. "ಈಗ" ಅಂದೆ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: "ಅವತ್ತು ಪಟ್ ಅಂತ ಕೇಳಿಸ್ತಮ್ಮಾ ನನಗೆ, ಕೈಯೊಳಗೆ. ಮತ್ತೆ ಹರಿದುಹೋದ್ರೆ? ಇನ್ನುಳಿದಷ್ಟು ದಿನ ಇವರ ಚಮಚಕ್ಕೆ ಬಾಯಿ ಒಡ್ಡಿಕೊಂಡು ಕೂರಲೇ?"

ನನಗೆ ಅಳು ಬಂತು, ಸಿಟ್ಟೂ ಬಂತು. ಚಮಚಕ್ಕೆ ಬಾಯಿ ಒಡ್ಡಬಾರದೆಂದು ಕೈಯನ್ನು ಕಾಯುತ್ತಿದ್ದರು. ಹಾಗೆ ಕಾದರೆ ಚಮಚವೇ ಗತಿ. ಲಾಡಿಯ ಕಥೆ ಹೇಳಿದೆ, ಬೆದರಿಸಿದೆ, ಗೋಗರೆದೆ. ಹೂಂ ಹೂಂ ಅಂದರು ಅಷ್ಟೇ. ಮಡಿಯಲ್ಲಿದ್ದದ್ದರಿಂದ ಮುಟ್ಟಿ ತೋರಿಸುವ ಹಾಗೂ ಇರಲಿಲ್ಲ. ಕೈ ಮುಟ್ಟಿಯೇ ಅನ್ನ ಉಂಡವಳು ನಾನು, ದೂರ ಕೂತು ದನಿಯಿಂದ ಬೆರಳು ಎತ್ತಿಸಬೇಕು! ಕಾಫಿ ಆರಿಹೋಗಿತ್ತು. ಎದ್ದುಬಿಡೋಣ ಅಂದುಕೊಂಡೆ.

ಅವರು ನನ್ನ ಕಾಟ ತಾಳಲಾರದೆ ಕಣ್ಣು ಮುಚ್ಚಿ ಜಪಕ್ಕೆ ಇಳಿದರು. ತುಟಿ ಅಲುಗುತ್ತಿತ್ತು. ಚಪ್ಪಲಿ ಮೆಟ್ಟಲು ಬಗ್ಗಿದವಳು ಮಣೆಯ ಕಡೆ ನೋಡಿದೆ. ಪಟ್ಟಿ ಕೈಯ ಹಿಂಬದಿಗೆ ಮಾತ್ರ ಇರುತ್ತದೆ, ಅಂಗೈ ಕಡೆ ತೆರೆದಿರುತ್ತದೆ, ಹೆಬ್ಬೆರಳಿಗೆ ಕಟ್ಟಿಲ್ಲ. ಆ ಹೆಬ್ಬೆರಳು ಉಂಗುರಬೆರಳಿನ ನಡುಗೆರೆಗೆ ಹೋಯಿತು, ಕೆಳಗಿನ ಗೆರೆಗೆ ಇಳಿಯಿತು, ಕಿರುಬೆರಳಿಗೆ ದಾಟಿತು. ಗೆರೆ ಎಣಿಸುವ ಜಪ. ತುದಿಯ ಗೆರೆಗೆ ಬಂದಾಗಲೆಲ್ಲ ಆ ಸೆಟೆದ ಉಂಗುರಬೆರಳು, ಊದಿದ ನಡುಬೆರಳು, ಎರಡೂ ಹೆಬ್ಬೆರಳಿನ ಕಡೆಗೆ ಒಂದಿಷ್ಟೇ ಇಷ್ಟು ಬಾಗಿ ಬರುತ್ತಿದ್ದವು!

"ಅಮ್ಮಾ, ಆಡ್ತು!" ಎಂದು ಕಿರುಚಿದೆ.

ಅವರು ಬೆಚ್ಚಿ ಕಣ್ಣು ಬಿಟ್ಟರು. ಕೈ ಕಲ್ಲಾಯಿತು. "ಇಲ್ಲ. ನಾನೆಲ್ಲಿ ಆಡಿಸಿದೆ?"

"ನೀವು ಆಡಿಸಲಿಲ್ಲ, ಅದೇ ಆಡ್ತು. ಜಪ ದಿನಾ ಮಾಡ್ತೀರಾ?"

"ಜಪ ಬಿಡೋಕಾಗುತ್ತೇನಮ್ಮಾ?"

"ಬಲಗೈಯಲ್ಲೇ?"

"ಮತ್ತೆ ಎಡಗೈಯಲ್ಲಿ ಮಾಡ್ತಾರಾ ಯಾರಾದ್ರೂ?"

"ಹಾಗಾದ್ರೆ ದಿನಾ ಬೆರಳು ಆಡಿದೆ. ಹರೀತಾ?"

ಅವರು ಆ ಬೆರಳುಗಳನ್ನು, ಮನೆಗೆ ಬಂದು ಬಹಳ ದಿನವಾದರೂ ಮಾತಾಡಿಸದ ನೆಂಟರನ್ನು ನೋಡುವ ಹಾಗೆ ನೋಡಿದರು. ಬೆರಳು ಪೂರ್ತಿ ಅಂಟಿಹೋಗದಂತೆ ಕಾದದ್ದು ನನ್ನ ಪಾಠವಲ್ಲ, ಆ ಜಪ. ಇದನ್ನು ಒಪ್ಪಿಕೊಳ್ಳಲು ನನಗೇನೂ ಬೇಸರವಿಲ್ಲ. ನಾನು ಮತ್ತೆ ಕೂತು ಹೇಳಿದೆ: "ಇನ್ನು ಮೇಲೆ ಹೆಬ್ಬೆರಳು ಬೆರಳಿನ ಹತ್ತಿರ ಹೋಗೋದು ಬೇಡ. ಬೆರಳೇ ಹೆಬ್ಬೆರಳಿನ ಹತ್ತಿರ ಬರಲಿ. ಒಂದು ನಾಮಕ್ಕೆ ಒಂದು ಸಲ."

"ದೇವರ ಹೆಸರಲ್ಲಿ ವ್ಯಾಯಾಮ ಮಾಡಿಸ್ತೀಯಾ?"

"ವ್ಯಾಯಾಮದ ಹೆಸರಲ್ಲಿ ದೇವರನ್ನ ನೆನೀರಿ. ನನಗೇನು?"

ಹುಬ್ಬು ಗಂಟಿಕ್ಕಿಕೊಂಡೇ ಕಣ್ಣು ಮುಚ್ಚಿದರು. ಉಂಗುರಬೆರಳು ನಡುಗುತ್ತ ಒಂದು ಎಳೆಯಷ್ಟು ಮುಂದೆ ಬಂತು. ಪಟ್ ಅನ್ನಲಿಲ್ಲ.

ಇಲ್ಲಿಂದ ಮುಂದೆ ಎಲ್ಲ ಸಲೀಸಾಯಿತು ಎಂದು ಬರೆದರೆ ನಿಮಗೆ ಮೋಸ ಮಾಡಿದ ಹಾಗೆ. ಭಯ ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಒಂದು ಬೆಳಗ್ಗೆ ಫೋನು: "ಏನೋ ಲಟಕ್ ಅಂತು, ಹರಿದೇ ಹೋಯ್ತು." ಬಿದ್ದೆನೋ ಎದ್ದೆನೋ ಎಂದು ಓಡಿದರೆ, ಲಟಕ್ ಅಂದದ್ದು ಎಡಗೈಯ ನಟಿಕೆ. ಇನ್ನೊಮ್ಮೆ, ಎದುರು ಫ್ಲ್ಯಾಟಿನವರು ಮೂರು ತಿಂಗಳು ಕೈ ಆಡಿಸಬಾರದು ಎಂದರೆಂದು ಮತ್ತೆ ಮಣೆಯ ಮೇಲೆ ಕೈ. ಎದುರು ಫ್ಲ್ಯಾಟಿನವರು ಬ್ಯಾಂಕಿನಲ್ಲಿದ್ದವರು! ಊರಿನಲ್ಲಿ ಇರುವವರೆಲ್ಲ ಡಾಕ್ಟರೇ, ನಾನೊಬ್ಬಳು ಬಿಟ್ಟು. ದೊಡ್ಡ ಡಾಕ್ಟರು ಕೈ ನೋಡಿ, ಅಂಟು ಬಿಡಿಸಲು ಇನ್ನೊಂದು ಆಪರೇಷನ್ ಬೇಕಾಗಬಹುದು ಎಂದರು. ಅವರು ಹೋದ ಮೇಲೆ ಸತ್ಯಭಾಮಾ ಬಾಯಿ ನನ್ನನ್ನು ಹತ್ತಿರ ಕರೆದು, "ಅವನ ಮಾತು ಕೇಳಬೇಡ. ಜಪ ಇನ್ನೂ ಜಾಸ್ತಿ ಮಾಡ್ತೀನಿ" ಅಂದರು. ಅಂದು ಮೊದಲ ಸಲ ಆ ಅಮ್ಮ ನನ್ನ ಪಕ್ಷಕ್ಕೆ ಬಂದದ್ದು. ಪಟ್ಟಿ ಕಳಚಿದ ಮೇಲೆ ಹತ್ತಿಯ ಬತ್ತಿ ಹೊಸೆಯಲು ಕೊಟ್ಟೆ, ಆಮೇಲೆ ಮೆತ್ತಗೆ ಕಲಸಿದ ಹಿಟ್ಟು. ಆಪರೇಷನ್ ಬೇಕಾಗಲಿಲ್ಲ.

ನಾನು ನಿವೃತ್ತಳಾದ ಮೇಲೆ ಒಂದು ದಿನ ಮಾಲತಿಯ ಫೋನು. ಅತ್ತೆ ಬರಲು ಹೇಳಿದ್ದಾರೆ, ಊಟಕ್ಕೆ. ಹೋದೆ. ಅದೇ ಮಣೆ, ಅದೇ ಕೋಲಿನ ಮೇಲೆ ಸೀರೆ. ಅಡುಗೆ ಅವರದೇ. ನನ್ನನ್ನು ದೂರದಲ್ಲಿ ಎಲೆ ಹಾಕಿ ಕೂರಿಸಿ ಮಾಲತಿಯಿಂದ ಬಡಿಸಿದರು. ಸರಿ, ಇವರ ಬುದ್ಧಿ ಬದಲಾಗುವುದಿಲ್ಲ ಎಂದುಕೊಂಡು ಸಾರನ್ನ ಮುಗಿಸಿದೆ. ಮೊಸರನ್ನದ ಹೊತ್ತಿಗೆ ಅವರೇ ಕಂಚಿನ ಪಾತ್ರೆ ಹಿಡಿದು ಎದ್ದುಬಂದರು.

"ಕೈ ಒಡ್ಡು" ಅಂದರು.

ನನಗೆ ಅರ್ಥವಾಗಲಿಲ್ಲ. "ಕೈತುತ್ತು ತಿಂದಿಲ್ಲವೇನೇ ಯಾವತ್ತೂ? ಕೈ ಒಡ್ಡು."

ಒಡ್ಡಿದೆ. ಅವರು ಬಲಗೈಯನ್ನು ಪಾತ್ರೆಯೊಳಗೆ ಇಳಿಸಿದರು. ನಾನು ಅನ್ನ ನೋಡಲಿಲ್ಲ, ಬೆರಳನ್ನೇ ನೋಡಿದೆ. ವೃತ್ತಿಯ ಚಾಳಿ. ನಡುಬೆರಳು ಚೆನ್ನಾಗಿ ಬಾಗಿತು. ಉಂಗುರಬೆರಳು ಇನ್ನೂ ಅಂಗೈ ಮುಟ್ಟುವುದಿಲ್ಲ, ಆ ಸಂದಿಯಿಂದ ನಾಲ್ಕು ಅಗುಳು ಜಾರಿ ಬಿದ್ದವು. ಉಳಿದದ್ದು ಕೈಯೊಳಗೆ ದುಂಡಗಾಯಿತು.

"ಮಡಿ" ಎಂದರು, ತುತ್ತನ್ನು ನನಗೆ ತೋರಿಸುತ್ತ. ಕೈಯನ್ನು ನನ್ನ ಅಂಗೈಯ ಮೇಲೆ ತಂದು, "ಬಿಡಿಸು" ಎಂದರು.

ತುತ್ತು ಬಿತ್ತು. ಪೂರ್ತಿ ಬಾಗದ ಆ ಉಂಗುರಬೆರಳು ನನ್ನ ಅಂಗೈಗೆ ತಗುಲಿತು. ಇಬ್ಬರೂ ಅದನ್ನೇ ನೋಡಿದೆವು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದೆ.

"ಇರು" ಅಂದರು ಸತ್ಯಭಾಮಾ ಬಾಯಿ. "ಆಯ್ತಲ್ಲ, ಕೊನೆಗೂ ನನ್ನ ಮಡಿ ಬಿಡಿಸಿದೆ ನೀನು. ಮಾಲತಿ, ಸ್ನಾನಕ್ಕೆ ನೀರು ಕಾಯಿಸು." ಹಾಗೆಂದು ಮತ್ತೆ ಪಾತ್ರೆಗೆ ಕೈ ಇಳಿಸಿದರು. "ಹೇಗೂ ಸ್ನಾನ ಆಗಬೇಕು. ಒಡ್ಡು, ಇನ್ನೊಂದು ತುತ್ತು ತಿನ್ನು."